ಪೂಜೆಗಿಟ್ಟ ಕೈಗವಸು

ಒಳ್ಳೆಯ ವಸ್ತು ಕೈಗೆ ಬಂದರೆ ಬಳಸುವುದು ಅವಿವೇಕ, ಜೋಪಾನವಾಗಿ ಇಡುವುದೇ ಸಂಸ್ಕಾರ ಎಂದು ನಂಬಿದ ಮನೆತನ ನಮ್ಮದು. ನಮ್ಮವ್ವ ಮದುವೆಯ ಇಳಕಲ್ ಸೀರೆಯನ್ನು ಉಡದೆ ಟ್ರಂಕಿನಲ್ಲಿಟ್ಟಳು. ಕಡೆಗೆ ಅದನ್ನು ನುಸಿಗಳೇ ಉಟ್ಟು ಹರಿದವು. ಇಂಥ ತಾಯಿಯ ಮಗನನ್ನು ಸರಕಾರ ಒಂದು ಆಸ್ಪತ್ರೆಯ ಉಗ್ರಾಣಕ್ಕೆ ಗುಮಾಸ್ತನನ್ನಾಗಿ ನೇಮಿಸಿತು. ತಪ್ಪು ಯಾರದು, ನೀವೇ ಹೇಳಿ. ಊರಿನ ಹೆಸರು ಬೇಡ. ಯರಗಟ್ಟಿಯ ಬಸ್ಸು ಅಲ್ಲಿ ಚಹಾಕ್ಕೆ ನಿಲ್ಲುತ್ತಿತ್ತು ಎಂದರೆ ಸಾಕು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೇಲಿನಿಂದ ಕಾಯಿದೆ ಬಂತು, ಅದರ ಬೆನ್ನಿಗೆ ಸುತ್ತೋಲೆ ಬಂತು. ಆಸ್ಪತ್ರೆಯ ಕಸ ಮುಟ್ಟುವವರಿಗೆ ರೋಗ ಅಂಟಬಾರದು. ಅವರಿಗೆ ರಬ್ಬರಿನ ಕೈಗವಸು, ಕಾಮಾಲೆ ತಡೆಯುವ ಚುಚ್ಚುಮದ್ದು ಕೊಡತಕ್ಕದ್ದು. ನಮ್ಮಲ್ಲಿ ಕಸ ಮುಟ್ಟುವವಳು ಕಾಶವ್ವ ಒಬ್ಬಳೇ. ಮುಟ್ಟದವರು ಹನ್ನೆರಡು ಜನ. ಸುತ್ತೋಲೆಯನ್ನು ಗೋಡೆಗೆ ಅಂಟಿಸಿದೆವು. ಕಾಶವ್ವನಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಕೈಗವಸುಗಳು ಬಂದವು. ಕಿತ್ತಳೆ ಬಣ್ಣ, ಮೊಳಕೈವರೆಗೆ ಉದ್ದ. ಅಂಥವನ್ನು ಕಸಕ್ಕೆ ಹಾಕಲು ಮನಸ್ಸು ಬರುತ್ತದೆಯೇ? ತಪಾಸಣೆಗೆ ಬಂದವರಿಗೆ ಹೊಸದಾಗಿ ಕಾಣಲಿ ಎಂದು ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಹೊರತೆಗೆದು, ಕತ್ತರಿ-ಚಿಮಟಗಳ ಸಾಲಿನಲ್ಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಒಳಗಿಟ್ಟೆ. ಪೂಜೆಗೆ ನೆಲ ಒರೆಸಿದವಳು ಕಾಶವ್ವ, ಬರಿಗೈಯಲ್ಲಿ.

“ಸಾಹೇಬ್ರ, ನಿನ್ನೆನೂ ಸೂಜಿ ಚುಚ್ಚಿತ್ರಿ. ಒಂದ್ ಜೋಡಿ ಕೊಡ್ರೆಲಾ,” ಎಂದಳು.

“ತಡಿಯವಾ, ತಪಾಸಣಿ ಮುಗೀಲಿ,” ಎಂದೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನನಗೂ ಗೊತ್ತು. ಆದರೆ ಗಾದೆ ಕೇಳಿ ತಿದ್ದಿಕೊಂಡ ಪೂಜಾರಿಯನ್ನು ಎಲ್ಲಾದರೂ ಕಂಡಿದ್ದೀರಾ?

ಚುಚ್ಚುಮದ್ದನ್ನು ಹಾಗೆ ಇಡಲು ಬರುವುದಿಲ್ಲ, ಕೆಡುತ್ತದೆ. ಬಂದದ್ದೂ ಹನ್ನೆರಡು ಜನಕ್ಕೆ ಸಾಕಾಗುವಷ್ಟು. ಹಾಗಾಗಿ ಹಿರಿತನದ ಪ್ರಕಾರ ಹಾಕಿಸಿಕೊಳ್ಳುತ್ತ ಬಂದೆವು. ಕೊನೆಯ ಪಾಲು ನನ್ನ ತೋಳಿಗೆ ಬಿತ್ತು, ಕಾಶವ್ವನ ಸರದಿಗೆ ಏನೂ ಉಳಿಯಲಿಲ್ಲ. ದಿನವೆಲ್ಲ ಕಾಗದ ಮುಟ್ಟುವವನಿಗೆ ಕಾಗದದಿಂದ ಕಾಮಾಲೆ ಬರುವುದಿಲ್ಲ ಎಂದು ಹೇಗೆ ನಂಬುವುದು?

ಕಡೆಗೊಮ್ಮೆ ತಪಾಸಣೆಯ ದಿನ ಬಂತು. ಜೀಪು ಸವದತ್ತಿ ಬಿಟ್ಟಿದೆ ಎಂದು ಫೋನು ಬಂತು. ಬಾಯಿ ತುಂಬ ಇದ್ದ ಎಲೆ-ಅಡಿಕೆಯನ್ನು ಅವಸರದಲ್ಲಿ ವಾರ್ಡಿನ ಕಸದ ಬುಟ್ಟಿಗೆ ಉಗುಳಲು ಬಾಗಿದೆ. ಅಂಗಿಯ ಜೇಬಿನಿಂದ ಕಪಾಟಿನ ಕೀಲಿಕೈ ಜಾರಿ ಬುಟ್ಟಿಯೊಳಕ್ಕೆ ಬಿತ್ತು.

“ಕಾಶವ್ವ, ಲಗೂನ ಕೈ ಹಾಕಿ ತಗಿಯವಾ!”

“ಗ್ಲೌಸ್ ಕೊಡ್ರಿ, ತಗೀತೇನಿ.”

“ಅವು ಕಪಾಟಿನ್ಯಾಗ ಅದಾವ!”

“ಕಪಾಟ ತಗೀರಿ ಮತ್ತ.”

“ಕೀಲಿಕೈ ಬುಟ್ಟ್ಯಾಗ ಐತೆಲ್ಲ!”

“ಹೌದಲ್ರಿ,” ಎಂದು ಆಕೆ ಗೋಡೆಗೆ ಒರಗಿ ನಿಂತಳು. ಸುತ್ತೋಲೆ ಆಕೆಯ ತಲೆಯ ಮೇಲೇ ಇತ್ತು.

ಬೇರೆ ದಾರಿ ಕಾಣದೆ ಅಂಗಿಯ ತೋಳು ಮಡಿಸಿ ನಾನೇ ಕೈ ಹಾಕಿದೆ. ರಕ್ತದ ಹತ್ತಿ, ಒಡೆದ ಬಾಟಲಿ, ಅದರ ಮೇಲೆ ನನ್ನದೇ ಎಂಜಲು. ಕೀಲಿಕೈಗಿಂತ ಮೊದಲು ಸೂಜಿ ಸಿಕ್ಕಿತು. “ಸತ್ನೆಪ್ಪೋ!” ಎಂದು ಕುಣಿದೆ. ಆಕೆ ಇದನ್ನು ದಿನಾ ಮಾಡುತ್ತಿದ್ದಳು, ನಾನು ಒಂದೇ ಸಲಕ್ಕೆ ಕಣ್ಣಲ್ಲಿ ನೀರು ತಂದುಕೊಂಡೆ. ನಿಜಕ್ಕೂ ಹೆದರಿದ್ದೆ. ಕಾಶವ್ವ ನನ್ನ ಕೈ ಹಿಡಿದು ನಳದ ಕೆಳಗೆ ತೊಳೆಯುತ್ತ, ಮಗುವಿಗೆ ಹೇಳುವಂತೆ ಸಮಾಧಾನ ಮಾಡಿದಳು:

“ಅಂಜಬ್ಯಾಡ್ರಿ ಸಾಹೇಬ್ರ. ನಿಮಗೇನೂ ಆಗೂದಿಲ್ಲ. ನನ್ನ ಪಾಲಿನ ಇಂಜೆಕ್ಷನ್ ನೀವ ಮಾಡಿಸ್ಕೊಂಡೀರಲ್ಲ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿ ಪಾರಾಗುತ್ತಿದ್ದೆ. ಸೂಜಿಗಿಂತ ನಾಚಿಕೆಯೇ ಹೆಚ್ಚು ಚುಚ್ಚಿತು.

ಕೀಲಿಕೈ ಆಮೇಲೆ ಸಿಕ್ಕಿತು. ಕೈಗವಸುಗಳನ್ನು ಅವತ್ತೇ ಕೊಟ್ಟೆ, ಕುಂಕುಮ ಸಮೇತ. ತಪಾಸಣೆಗೆ ಬಂದವರು ಅವನ್ನು ನೋಡಿ, ಎಷ್ಟು ಹೊಸದಾಗಿ ಇಟ್ಟಿದ್ದೀರಿ ಎಂದು ನನ್ನನ್ನು ಹೊಗಳಿದರು. ನನ್ನ ತೋಳಿನಲ್ಲಿದ್ದ ಮದ್ದನ್ನು ಮಾತ್ರ ವಾಪಸು ಕೊಡುವಂತಿರಲಿಲ್ಲ. ಕಾಶವ್ವನಿಗೂ ಕಳಿಸಿಕೊಡಬೇಕೆಂದು ಮೇಲಿನವರಿಗೆ ವಿನಯದಿಂದ ಬರೆದೆ. ಉತ್ತರವಾಗಿ ಅದೇ ಸುತ್ತೋಲೆಯ ಇನ್ನೊಂದು ಪ್ರತಿ ಬಂತು. ನಾನು ಅದನ್ನೂ ಗೋಡೆಗೆ ಅಂಟಿಸಿದೆ.