ಲ್ಯಾಪ್‌ಟಾಪಿನೊಳಗೊಂದು ಬಾಡಿಗೆ ಕೋಣೆ

ಹೆಂಡತಿಯ ಲ್ಯಾಪ್‌ಟಾಪಿಗೆ ಗಂಡ ಕೈಹಾಕಬಾರದು ಎಂದು ಹಿರಿಯರು ಯಾಕೆ ಹೇಳಿಹೋಗಲಿಲ್ಲವೋ ನಾ ಕಾಣೆ. (ಅವರ ಕಾಲದಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ ಎಂಬುದೆಲ್ಲ ನೆಪ.) ನನ್ನದು ರಿಪೇರಿಗೆ ಹೋಗಿತ್ತು. ಹೊಸ ಕೆಲಸ; ಬರುವ ಸೋಮವಾರ ನನ್ನ ಮೊದಲ ಪ್ರೋಗ್ರಾಮನ್ನು ಮೇಲಧಿಕಾರಿಗೆ ತೋರಿಸಬೇಕಿತ್ತು. ನನ್ನವಳು ಗಣಿತದ ಟೀಚರು. ಅದೇ ಸೋಮವಾರ ಅವಳು ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಒಪ್ಪಿಸಬೇಕಿತ್ತು.

"ನಿಮ್ಮ ಕೈಗೆ ಕೊಟ್ಟು ನನ್ನ ಪ್ರಶ್ನೆಪತ್ರಿಕೆಗೆ ಏನಾದ್ರೂ ಆದ್ರೆ?" ಎಂದಳು.

ನಾನು ಉಪನ್ಯಾಸಕ್ಕಿಳಿದೆ. ನಾನು ಕೆಲಸ ಮಾಡುವುದು ಕಂಟೇನರಿನಲ್ಲಿ; ಕಂಟೇನರ್ ಅಂದರೆ ನಿನ್ನ ಲ್ಯಾಪ್‌ಟಾಪಿನೊಳಗೆ ನಾನು ಹಿಡಿಯುವ ಬಾಡಿಗೆ ಕೋಣೆ; ನನ್ನ ಪ್ರೋಗ್ರಾಮಿಗೆ ಬೇಕಾದ ಸಾಮಾನು ಸರಂಜಾಮೆಲ್ಲ ಅದರೊಳಗೇ; ಅಲ್ಲಿ ಭೂಮಿ ಆಕಾಶ ಒಂದಾದರೂ ನಿನ್ನ ಹಜಾರಕ್ಕೆ ಧೂಳೂ ಬೀಳದು ಎಂದು ವಿವರಿಸಿ, "ಏನೂ ಆಗಲ್ಲ ಕಣೇ" ಎಂದು ಅಭಯಪ್ರದಾನ ಮಾಡಿದೆ. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಒಳಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ತಂದುಕೊಟ್ಟಳು.

ಕೋಣೆಯೇನೋ ಎದ್ದಿತು. ಆದರೆ ನಾನು ಬರೆದದ್ದು ಒಳಗೂ ಹೊರಗೂ ಸಿಗಬೇಕಲ್ಲ, ಅದಕ್ಕೆ ಹೊರಗಿನ ಒಂದು ಫೋಲ್ಡರಿಗೆ ಕೋಣೆಯಿಂದ ಬಾಗಿಲಿಡಬೇಕು. ಬುದ್ಧಿ ಇದ್ದವರು ಇದಕ್ಕೆಂದೇ ಪುಟ್ಟದೊಂದು ಫೋಲ್ಡರ್ ಮಾಡುತ್ತಾರೆ. ನಾನು ಸೋಮಾರಿ, ಇಡೀ ಡೆಸ್ಕ್‌ಟಾಪಿಗೇ ಬಾಗಿಲಿಟ್ಟೆ.

ಭಾನುವಾರ ಸಂಜೆ ಪ್ರೋಗ್ರಾಮು ಕೈಕೊಟ್ಟಿತು. ತಪ್ಪು ಹುಡುಕುವ ತಾಳ್ಮೆ ನನಗೆಲ್ಲಿದೆ? ಕೋಣೆಯನ್ನೇ ಗುಡಿಸಿ ಹೊಸದಾಗಿ ಕಟ್ಟೋಣ, ಹೊರಗಿನದು ಹೊರಗೆ ಇದ್ದೇ ಇರುತ್ತದೆ ಎಂಬ ಧೈರ್ಯದಿಂದ, ಒಳಗೆ ನಿಂತು 'ಇಲ್ಲಿರುವುದೆಲ್ಲ ಅಳಿಸು' ಎಂದು ರಾಜಾಜ್ಞೆ ಹೊರಡಿಸಿದೆ. ಪೊರಕೆ ನಾನಿಟ್ಟ ಬಾಗಿಲನ್ನೂ ದಾಟಿ ಹೋಯಿತು. ನೋಡಿದರೆ ಡೆಸ್ಕ್‌ಟಾಪ್ ಬೋಳು ಬೋಳು; ಅಲ್ಲಿದ್ದ ಅವಳ ಪ್ರಶ್ನೆಪತ್ರಿಕೆಯೂ ಮಾಯ.

ಮುಚ್ಚಿಡುವ ಮಾತೇ ಇಲ್ಲ, ಬೆಳಗಾದರೆ ಅವಳಿಗೆ ಪತ್ರಿಕೆ ಬೇಕು. ಅಡುಗೆಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನೀನು ಹೇಳುತ್ತಾ ಹೋಗು, ಪ್ರಶ್ನೆಗಳನ್ನೆಲ್ಲ ನಾನೇ ಟೈಪ್ ಮಾಡಿಕೊಡುತ್ತೇನೆ ಎಂದು ಗೋಗರೆದೆ. ಅವಳು ಕೈ ಒರೆಸಿಕೊಂಡಳು.

"ಪ್ರಶ್ನೆಪತ್ರಿಕೆ ಪೆನ್ ಡ್ರೈವಲ್ಲಿದೆ. ನೀವು 'ಏನೂ ಆಗಲ್ಲ' ಅಂದ್ರಲ್ಲ, ಆಗಲೇ ಹಾಕಿಟ್ಕೊಂಡೆ. ನಿಮ್ಮ ಜೊತೆ ಇಷ್ಟು ವರ್ಷ ಬಾಳಿಲ್ವಾ?"

ಹೋದ ಜೀವ ಬಂದಂತಾಯಿತು. ಅವಳ ಜಾಣತನವನ್ನು ಬಾಯ್ತುಂಬ ಹೊಗಳಿದೆ. ಹೊಗಳಿಕೆಯನ್ನೆಲ್ಲ ಸಾವಧಾನವಾಗಿ ಕೇಳಿಸಿಕೊಂಡು ಅವಳೆಂದಳು:

"ಸರಿ. ನಿಮ್ಮ ಪ್ರೋಗ್ರಾಮು ಎಲ್ಲಿತ್ತು?"

ಬಂದ ಜೀವ ಮತ್ತೆ ಹೋಯಿತು. ಅದೂ ಅದೇ ಡೆಸ್ಕ್‌ಟಾಪಿನಲ್ಲೇ ಇತ್ತು! ಇವಳ ಭಯದಲ್ಲಿ ಅದರ ನೆನಪೇ ಆಗಿರಲಿಲ್ಲ. ವಾರದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು.

ನಾನು ಮೊದಲ ಸಾಲಿನಿಂದ ಬರೆಯಲು ಕೂತೆ. ಅವಳು ನಗು ತಡೆದುಕೊಂಡು ಪೆನ್ ಡ್ರೈವನ್ನು ಪರ್ಸಿಗೆ ಹಾಕಿದಳು, ಪರ್ಸನ್ನು ಬೀರುವಿನಲ್ಲಿಟ್ಟಳು, ಬೀರುವಿಗೆ ಬೀಗ ಜಡಿದು ನನ್ನತ್ತ ಒಮ್ಮೆ ನೋಡಿ, ಬೀಗದಕೈಯನ್ನು ತನ್ನ ದಿಂಬಿನಡಿ ಸೇರಿಸಿದಳು. ನಮ್ಮ ಮನೆಯಲ್ಲಿ ನೆಟ್ಟಗೆ ಕೆಲಸ ಮಾಡುವ ಕಂಟೇನರ್ ಅದೊಂದೇ.