ಕ್ಷೌರಿಕ ಟ್ಯಾಮನ ತಲೆಮಾರು

ಎಲ್ಲಕ್ಕೂ ಮೂಲ ಒಂದು ಸಾಲು ಕಟ್ಟಿಸಿದ ಹಲ್ಲು. ಹೋದ ವರ್ಷ ಮೇ ತಿಂಗಳ ಎರಡನೆಯ ಶನಿವಾರ ಪೋರ್ಟ್‌ಲೌಡಿಯ ಜನ ಕ್ಷೌರಿಕ ಟ್ಯಾಮ್ ಗಿಲ್‌ಫಿಲನ್‌ನನ್ನು ಎಂದಿನಂತೆ ಹೊತ್ತು ತಂದು, ಎಂದಿನಂತೆ ಬಂದರಿನ ನೀರಿಗೆ ಎಸೆದರು. ಅವನೂ ಎಂದಿನಂತೆ "ಅಯ್ಯಯ್ಯೋ" ಎಂದು ಬಾಯಿ ತೆರೆದ. ಬಾಯಿ ಮೇಲಕ್ಕೆ ಬಂತು, ಹಲ್ಲು ಬರಲಿಲ್ಲ. ಆಮೇಲೆ ಮೂರು ವಾರ ಅವನು ಓಟ್ಸ್ ಗಂಜಿ ಕುಡಿದುಕೊಂಡು, ಗಿರಾಕಿಗಳನ್ನು "ಫಾಕಾ? ಇನ್ನೂ ಫ್ವಲ್ಪ ಫಣ್ಣ ಮಾಡ್ಲಾ?" ಎಂದು ಕೇಳುತ್ತಿದ್ದ.

ಆ ಊರಿನ ಪದ್ಧತಿಯೇ ಹಾಗೆ. ವರ್ಷಕ್ಕೊಮ್ಮೆ ಪರಸ್ಥಳದವನೊಬ್ಬನಿಗೆ ಹರಕು ಬಲೆಯ ಅಂಗಿ ತೊಡಿಸಿ, ತಲೆಗೆ ಹೆರಿಂಗ್ ಮೀನಿನ ಕಿರೀಟವಿಟ್ಟು, 'ಮೀನರಾಯ'ನೆಂದು ಮೆರವಣಿಗೆ ಮಾಡಿ, ಮಧ್ಯಾಹ್ನ ಮೂರು ಗಂಟೆ ಹೊಡೆದ ಕೂಡಲೇ ನೀರಿಗೆ ಹಾಕುವುದು. ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಬಿಡಲು ಯಾರಿಗೂ ಧೈರ್ಯವಿರಲಿಲ್ಲ. ಟ್ಯಾಮ್ ಡಂಡೀ ಪಟ್ಟಣದಿಂದ ಬಂದು ಮೂವತ್ತೊಂದು ವರ್ಷವಾಗಿತ್ತು. ಊರಿನ ತಲೆಗಳೆಲ್ಲ ಅವನ ಕತ್ತರಿಯ ಕೆಳಗೇ ನರೆತು, ಬೋಳಾಗಿದ್ದವು. ಆದರೂ ಅವನು ಪರಸ್ಥಳದವನೇ. ಅವನ ನಂತರ ಬಂದು ನೆಲೆಸಿದವರು ಇರಲಿಲ್ಲವೆಂದಲ್ಲ. "ಟ್ಯಾಮ್‌ಗಾದ್ರೆ ಅಭ್ಯಾಸ ಇದೆ" ಎಂದು ಊರೇ ತೀರ್ಪು ಕೊಟ್ಟಿತ್ತು.

ತಪ್ಪಿಸಿಕೊಳ್ಳಲು ಇದ್ದದ್ದು ಒಂದೇ ದಾರಿ. ಪೋರ್ಟ್‌ಲೌಡಿ ಚರ್ಚಿನ ಹಳೆಯ ಮದುವೆ ದಾಖಲೆಯಲ್ಲಿ ಒಬ್ಬನಾದರೂ ಪೂರ್ವಜ ಸಿಗಬೇಕು. ಹಳೆಯದು ಎಂದರೆ, ಮದುವೆಗಳನ್ನು ಸರ್ಕಾರವೇ ಬರೆದುಕೊಳ್ಳಲು ಶುರುಮಾಡಿದ 1855ಕ್ಕಿಂತ ಮುಂಚಿನದು. ಅಂಥವನಿದ್ದರೆ ನೀನು ಊರಿನವನು. ದಡದ ಮೇಲೆ ನಿಂತು ಬೇರೆಯವರನ್ನು ನೋಡಿ ನಗಬಹುದು.

ಈ ವರ್ಷದ ಶನಿವಾರ ಬೆಳಿಗ್ಗೆ ಟ್ಯಾಮ್ ಕಟುಕ ಡಾಡಿ ರೆನ್ನಿಯ ಬಲಗೆನ್ನೆ ಬೋಳಿಸಿ, ಎಡಗೆನ್ನೆಗೆ ನೊರೆ ಹಚ್ಚಿದ್ದ. ಅರವತ್ತಮೂರು ವರ್ಷದ ಟ್ಯಾಮನ ಮಂಡಿಗಳು ತುಕ್ಕು ಹಿಡಿದ ಕೀಲಿನಂತೆ ಕಿರುಗುಡುತ್ತಿದ್ದವು.

"ಈ ಸಲ ನೀರಿಗೆ ಬಿದ್ರೆ ನಾನು ಎದ್ದು ಬರಲ್ಲ ಡಾಡಿ. ನೀವು ನನ್ನ ಹಲ್ಲಿನ ಜೊತೆಗೆ ನನ್ನನ್ನೂ ಹುಡುಕಬೇಕಾಗುತ್ತೆ."

"ನಿಮ್ಮ ಮನೇಲಿ ಹಿರಿಯರ ಹೆಸರೇನಾದ್ರೂ ಯಾರಾದ್ರೂ ಬರೆದಿಟ್ಟಿದ್ದಾರೇನೋ?"

"ಮೊನ್ನೆ ಡಂಡೀ ಚಿಕ್ಕಮ್ಮ ತೀರಿಕೊಂಡಾಗ ಮನೆ ಬೈಬಲ್ ಬಂತು. ನೋಡು." ಟ್ಯಾಮ್ ಕತ್ತಿ ಕೆಳಗಿಟ್ಟು ಪುಸ್ತಕದ ಮೊದಲ ಹಾಳೆ ತೆರೆದ. ಹಿರಿಮಗನಿಗೆ ಅಜ್ಜನ ಹೆಸರೇ ಇಡಬೇಕೆಂಬ ನಾಡು. ಹಾಳೆಯ ಉದ್ದಕ್ಕೂ ನಿನಿಯನ್, ಟಾಮಸ್, ನಿನಿಯನ್, ಟಾಮಸ್ ಎಂದು ಅವನ ಕ್ಷೌರದಂಗಡಿಯ ಮುಂದೆ ಗುರುತಿಗೆ ನೆಟ್ಟ ಕಂಬದ ಕೆಂಪು-ಬಿಳಿ ಪಟ್ಟೆಯ ಹಾಗೆ ಇಳಿದು ಬಂದಿತ್ತು. ಕೊನೆಯ ಟಾಮಸ್ ಎಂದರೆ ಟ್ಯಾಮನೇ. ಮೇಲ್ತುದಿಯಲ್ಲಿದ್ದ ಮೊದಲಿಗ ನಿನಿಯನ್ ಗಿಲ್‌ಫಿಲನ್, ಪೀಪಾಯಿ ಕಟ್ಟುವವನು, ಹೆಂಡತಿ ಎಲ್ಸ್‌ಪೆತ್. ಊರಿನ ಹೆಸರಿರಲಿಲ್ಲ.

"ಪೀಪಾಯಿ!" ಡಾಡಿ ಕುರ್ಚಿಯಿಂದ ಜಿಗಿದ. "ಆ ಕಾಲದಲ್ಲಿ ಹೆರಿಂಗ್ ಉಪ್ಪು ಹಾಕಿ ತುಂಬೋಕೆ ಎಲ್ಲ ಪೀಪಾಯಿ ಇಲ್ಲೇ ತಾನೇ ಕಟ್ತಿದ್ದದ್ದು? ನಡಿ, ನಡಿ, ಗ್ರಿಜ಼ಲ್ ಟೀಚರ್ ಹತ್ರ!"

"ನಿನ್ನ ಎಡಗೆನ್ನೆ?"

"ಅದು ಎಲ್ಲಿಗೂ ಹೋಗಲ್ಲ, ಮಾರಾಯ!"

ಅಂಗಡಿಗೆ ಬೀಗ ಬಿತ್ತು. ಅರ್ಧ ಮುಖ ಹಸುಗೂಸು, ಅರ್ಧ ಮುಖ ಹಿಮ ಬಿದ್ದ ಪೊದೆ ಇಟ್ಟುಕೊಂಡ ಡಾಡಿ ಬೀದಿಯಲ್ಲಿ ಸಿಕ್ಕವರಿಗೆಲ್ಲ, "ಟ್ಯಾಮ್ ತಲೆಮಾರು ಹುಡುಕೋಕೆ ಹೋಗ್ತಿದ್ದೀವಿ" ಎಂದು ಸಾರಿದ. ವಾಚನಾಲಯದ ಹಿಂಬದಿಯ ದಾಖಲೆ ಕೋಣೆ ಮುಟ್ಟುವ ಹೊತ್ತಿಗೆ ಹಿಂದೆ ಏಳು ಜನ, ಎರಡು ನಾಯಿ.

ನಿವೃತ್ತ ಶಾಲಾ ಟೀಚರ್ ಮಿಸ್ ಗ್ರಿಜ಼ಲ್ ಟಾಶ್ ಬಾಗಿಲಲ್ಲೇ ಅಡ್ಡ ನಿಂತಳು. ಮೂಲ ದಾಖಲೆಗಳು ಎಡಿನ್‌ಬರೋದಲ್ಲಿ. ಇಲ್ಲಿದ್ದದ್ದು ಡಂಡೀಯದೂ ಸೇರಿ ಅವುಗಳ ಪ್ರತಿ. ಆದರೂ ಅವಳ ಕಾವಲು ಮೂಲದ್ದೇ.

"ನಾಯಿ ಆಚೆ. ಪೆನ್ ಆಚೆ, ಪೆನ್ಸಿಲ್ ಮಾತ್ರ. ಡಾಡಿ, ನಿನ್ನ ಮುಖ ನನ್ನ ಪುಸ್ತಕದ ಮೇಲೆ ತೊಟ್ಟಿಕ್ಕಿದ್ರೆ ನಿನ್ನನ್ನೂ ಆಚೆ ಹಾಕ್ತೀನಿ. ಟಾಮಸ್, ನಿಮ್ಮಪ್ಪನಿಂದ ಶುರು ಮಾಡು."

"ಮಿಸ್, ಟೈಮಿಲ್ಲ, ನೇರವಾಗಿ ಕೊನೇ ಅಜ್ಜನಿಗೇ…"

"ಮೆಟ್ಟಿಲು ಹಾರಿದವನು ಕೆಳಗೆ ಬೀಳ್ತಾನೆ. ಕೂತ್ಕೋ!"

ಕೂತ. ಒಂದೊಂದೇ ತಲೆ ಎಣಿಸುತ್ತ ಹಿಂದಕ್ಕೆ ಹೋಗುವುದು ಕ್ಷೌರಿಕನಿಗೂ ತಲೆನೋವಿನ ಕೆಲಸವೇ. ಒಬ್ಬ ಟಾಮಸ್ ಸಿಕ್ಕರೆ ಅವನ ಪಕ್ಕದಲ್ಲೇ ಇನ್ನೂ ನಾಲ್ಕು ಜನ ಟಾಮಸರು. ಬರಹವೋ, ಕುಡಿದ ಏಡಿ ಶಾಯಿಯಲ್ಲಿ ನಡೆದುಹೋದಂತಿತ್ತು. ಸಹಾಯಕ್ಕೆ ಬಂದ ಏಳು ಜನ ಟ್ಯಾಮನನ್ನು ಮರೆತು ತಮ್ಮ ತಮ್ಮ ಅಜ್ಜಂದಿರ ಬೆನ್ನು ಹತ್ತಿದರು.

"ನಮ್ಮ ರೆನ್ನಿ ಮನೆತನ ಶುದ್ಧ ಹಾಲು," ಎಂದು ಡಾಡಿ ಪುಟ ತಿರುವಿದ. "ಇಲ್ನೋಡಿ, ನಮ್ಮ ಮುತ್ತಜ್ಜನ ಅಪ್ಪ, 1821ರ ಮಾರ್ಚ್‌ನಲ್ಲಿ ಮದುವೆ…"

ಮಿಸ್ ಟಾಶ್ ಅವನ ಭುಜದ ಮೇಲಿಂದ ಬಗ್ಗಿ, ಮೂಗಿನ ಕನ್ನಡಕ ಸರಿಮಾಡಿಕೊಂಡಳು. "ಮಗು ಹುಟ್ಟಿದ್ದು ಜುಲೈನಲ್ಲಿ. ಗಂಡ ಹೆಂಡತಿ ಇಬ್ಬರನ್ನೂ ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಎತ್ತರದ ಸ್ಟೂಲಿನ ಮೇಲೆ ಕೂರಿಸಿ ಬಯ್ದಿದ್ದಾರೆ."

"ಹಾಲು ಸ್ವಲ್ಪ ಬೇಗ ಉಕ್ಕಿತು ಬಿಡು," ಎಂದ ಟ್ಯಾಮ್. ಆ ದಿನ ಅವನು ನಕ್ಕಿದ್ದು ಅದೊಂದೇ ಸಲ.

ಎರಡೂವರೆ ಗಂಟೆಗೆ, ಎಲ್ಲರ ಕಣ್ಣೂ ಕೆಂಪಾಗಿ, ಡಾಡಿಯ ನೊರೆ ಒಣಗಿ ಗಾರೆಯಾಗಿದ್ದಾಗ, ಟ್ಯಾಮನ ಬೆರಳು ಒಂದು ಸಾಲಿನ ಮೇಲೆ ನಿಂತಿತು. 1809, ಮೇ. ಟಾಮಸನ ಮಗ ನಿನಿಯನ್ ಗಿಲ್‌ಫಿಲನ್, ಪೀಪಾಯಿ ಕಟ್ಟುವವನು. ವಧು ಯೂಫೀಮಿಯಾ ಡೌ.

"ಬೈಬಲ್‌ನಲ್ಲಿ ಎಲ್ಸ್‌ಪೆತ್ ಅಂತಿದೆಯಲ್ಲ?"

"ಮೊದಲನೆಯವಳು ಸತ್ತಿರ್ತಾಳೆ, ಪಾಪ," ಎಂದ ಡಾಡಿ. ಇಬ್ಬರೂ ಟೋಪಿ ತೆಗೆದು ಯೂಫೀಮಿಯಾಳಿಗಾಗಿ ಮೂರು ಸೆಕೆಂಡು ದುಃಖಪಟ್ಟರು. ಆಮೇಲೆ ಆ ಪುಟದ ನಕಲನ್ನು ಯಂತ್ರದಿಂದ ಕಿತ್ತುಕೊಂಡು ಓಡಿದರು.

"ಲೋ, ಹಿಂದಿನ ಮಗ್ಗುಲು ಓದ್ಲೇ ಇಲ್ಲ ನೀವು!" ಎಂದು ಮಿಸ್ ಟಾಶ್ ಕೂಗಿದ್ದು ಬಾಗಿಲಿಗೆ ಬಡಿದು ವಾಪಸ್ಸಾಯಿತು.

ಬಂದರಿನ ಕಟ್ಟೆಯ ಮೇಲೆ ಊರಿಗೆ ಊರೇ ನೆರೆದಿತ್ತು. "ನಿಲ್ಲಿಸಿ! ನಾನು ಈ ಊರಿನವನು!" ಎಂದು ಏದುಸಿರು ಬಿಡುತ್ತ ಟ್ಯಾಮ್ ಗುಂಪಿನೊಳಗೆ ನುಗ್ಗಿದ. ನುಗ್ಗಿದವನು ಗಕ್ಕನೆ ನಿಂತ. ಬಲೆಯ ಅಂಗಿ ತೊಟ್ಟು, ಹೆರಿಂಗ್ ಕಿರೀಟ ಇಟ್ಟುಕೊಂಡು, ಹೊಸದಾಗಿ ಬಂದ ದನದ ಡಾಕ್ಟರು ಇಮ್ರೀ ಆಗಲೇ ಸಿದ್ಧವಾಗಿ ನಿಂತಿದ್ದ.

ಉತ್ಸವ ಸಮಿತಿಯ ಅಧ್ಯಕ್ಷೆ, ಬೇಕರಿಯ ನೆಟ್ಟಾ ಕೇರ್ನ್ಸ್ ಸೊಂಟದ ಮೇಲೆ ಕೈ ಇಟ್ಟಳು. "ಎಲ್ಲಿ ಹಾಳಾಗಿ ಹೋಗಿದ್ಯೋ? ನಿನ್ನ ಮಂಡಿ ನೋಡಿ ಕರುಳು ಚುರ್ ಅಂತು, ಈ ವರ್ಷದಿಂದ ನಿನ್ನನ್ನ ಬಿಟ್ಟುಬಿಡೋಣ ಅಂತ ಸಮಿತೀಲಿ ತೀರ್ಮಾನ ಮಾಡಿದ್ವಿ. ಡಾಕ್ಟರು ನಗ್ತಾ ಒಪ್ಕೊಂಡ್ರು. ಹೇಳೋಣ ಅಂತ ಬೆಳಿಗ್ಗೆ ಬಿಸಿ ಬನ್ನು ತಗೊಂಡು ಬಂದ್ರೆ ಅಂಗಡಿಗೆ ಬೀಗ!"

ಟ್ಯಾಮನಿಗೆ ಒಟ್ಟಿಗೆ ಎರಡು ಲಾಟರಿ ಹೊಡೆದಂತಾಯಿತು. ನೀರೂ ತಪ್ಪಿತು, ಊರೂ ಸಿಕ್ಕಿತು! ಅವನು ನಕಲನ್ನು ಬಾವುಟದಂತೆ ಎತ್ತಿ ಹಿಡಿದ. ಡಾಡಿ ಕಟ್ಟೆಯ ಗೂಟ ಹತ್ತಿ, ಪಾದ್ರಿಯ ಮೂಗಿನ ದನಿಯನ್ನು ಯಥಾವತ್ತಾಗಿ ಎಳೆದು, "ಟಾಮಸನ ಮಗನಾದ ನಿನಿಯಂಂಂನನಿಗೂ, ಡೌ ಮನೆಯ ಯೂಫೀಮಿಯಾಂಂಂಳಿಗೂ…" ಎಂದು ಸಾರಿದ. ಜನ ಶಿಳ್ಳೆ ಹೊಡೆದರು. ಯಾರೋ ಟ್ಯಾಮನ ಕೈಗೆ ವಿಸ್ಕಿ ಇಟ್ಟರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವನು ಆ ಕಟ್ಟೆಯ ಮೇಲೆ ಒಣಗಿದ ಬಟ್ಟೆಯಲ್ಲಿ ನಿಂತು ಕುಡಿದ. ಕಣ್ಣು ಮಾತ್ರ ಒದ್ದೆಯಾಯಿತು.

ಆಗ ಸೈಕಲ್ ಗಂಟೆ ಕೇಳಿಸಿತು. ಮಿಸ್ ಟಾಶ್ ಇನ್ನೊಂದು ಹಾಳೆ ಹಿಡಿದು ಬಂದಿಳಿದಳು.

"ಅರ್ಧ ಓದಿ ಓಡೋದು ನಿನ್ನ ಹುಟ್ಟುಗುಣ ಅಂತ ಕಾಣುತ್ತೆ, ಟಾಮಸ್. ಅದು ಮದುವೆ ಅಲ್ಲ."

"ಪುಸ್ತಕದ ಮೇಲೆ ಮದುವೆ ಅಂತಲೇ ಬರೆದಿದೆಯಲ್ಲ ಮಿಸ್?"

"ಪುಸ್ತಕದ ಮೇಲೆ ಇರುತ್ತೆ. ಒಳಗೆ ಬರೆದಿರೋದು ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಭಾನುವಾರ ಹೆಸರು ಕೂಗಿದ್ದು. 'ಇವರಿಬ್ಬರೂ ಮದುವೆ ಆಗ್ತಾರೆ, ತಕರಾರಿದ್ರೆ ಹೇಳಿ' ಅಂತ. ಕೂಗಿದ್ದು ನಿಜ. ಆಗಿದ್ದು ಎಲ್ಲಿದೆ?"

ಶಿಳ್ಳೆ ನಿಂತಿತು. ಟ್ಯಾಮ್ ಧೈರ್ಯ ತಂದುಕೊಂಡ. "ಹೋಗ್ಲಿ ಬಿಡಿ ಮಿಸ್. ಪರಸ್ಥಳದವನಾಗೇ ಇರ್ತೀನಿ. ಡಾಕ್ಟರು ಹೇಗೂ ವೇಷ ಹಾಕ್ಕೊಂಡಾಗಿದೆ."

"ಇನ್ನೂ ಇದೆ." ಮಿಸ್ ಟಾಶ್ ಗಂಟಲು ಸರಿಮಾಡಿಕೊಂಡು ಇನ್ನೂರು ವರ್ಷದ ಹಿಂದಿನ ಚರ್ಚು ಗುಮಾಸ್ತನ ದನಿಯಲ್ಲಿ ಓದಿದಳು. "'ಸದರಿ ನಿನಿಯನ್ ಎಂಬುವನು ಮದುವೆಯ ದಿನ ಬೆಳಿಗ್ಗೆ ಡಂಡೀಗೆ ಹೊರಟಿದ್ದ ಹೆರಿಂಗ್ ದೋಣಿ ಹತ್ತಿ ಪರಾರಿಯಾದನಾಗಿ, ಊರವರೆಲ್ಲ ಸೇರಿ ಮಾಡಿದ ತೀರ್ಮಾನವೇನೆಂದರೆ: ಪ್ರತಿ ವರ್ಷ ಇದೇ ಶನಿವಾರ ಯಾವನಾದರೂ ಪರಸ್ಥಳದವನನ್ನು ಅವನ ಬದಲಿಗೆ ಬಂದರಿನ ನೀರಿಗೆ ಹಾಕತಕ್ಕದ್ದು. ಸದರಿ ನಿನಿಯನ್ ಆಗಲಿ, ಅವನ ವಂಶದ ಗಂಡಸಾಗಲಿ ಕೈಗೆ ಸಿಕ್ಕಿದ್ದಾದರೆ, ಬದಲಿಯನ್ನು ಬಿಟ್ಟು ಅಸಲಿಯನ್ನೇ ಹಾಕತಕ್ಕದ್ದು. ಜೀವಮಾನ ಪರ್ಯಂತ.'"

ದನದ ಡಾಕ್ಟರು ಸದ್ದಿಲ್ಲದೆ ಕಿರೀಟ ತೆಗೆದು, ಟ್ಯಾಮನ ತಲೆಯ ಮೇಲೆ ಬಹಳ ಮರ್ಯಾದೆಯಿಂದ ಇಟ್ಟ.

"ಆ ನಿನಿಯನ್ ಬೇರೆ ಯಾರೋ ಇರಬಹುದು!" ಎಂದು ಟ್ಯಾಮ್ ಕೂಗಿದ.

"ಹೇಗಾಗುತ್ತೋ? ಟಾಮಸನ ಮಗ, ಪೀಪಾಯಿ ಕಟ್ಟುವವನು, ಡಂಡೀಗೆ ಓಡಿಹೋದವನು," ಎಂದು ಡಾಡಿ ಬೆರಳು ಮಡಿಚಿದ. "ಬೆಳಿಗ್ಗೆಯಿಂದ ಕಣ್ಣು ಕಿತ್ಕೊಂಡು ಹುಡುಕಿದ್ದೀವಿ. ಈಗ ಅಜ್ಜನನ್ನ ಅಲ್ಲ ಅಂದ್ರೆ ಪಾಪ ಬರುತ್ತೆ, ಮಾರಾಯ."

ನೆಟ್ಟಾ ನಿಧಾನಕ್ಕೆ ಮುಂದೆ ಬಂದಳು. "ಯೂಫೀಮಿಯಾ ಡೌ ನಮ್ಮಜ್ಜಿಯ ಮುತ್ತಜ್ಜಿ. ಅವನು ಓಡಿದ ಅಂತ ಅವಳೇನೂ ಸತ್ತಿರಲಿಲ್ಲ. ಬೇರೆಯವನನ್ನ ಕಟ್ಕೊಂಡು, ಎಂಟು ಮಕ್ಕಳು ಹೆತ್ತು, ತೊಂಬತ್ತೊಂದು ವರ್ಷ ಬದುಕಿದ್ಲು. ಸಾಯೋವರೆಗೂ ಕಿಟಕೀಲಿ ಕೂತು ಡಂಡೀ ಕಡೆಯಿಂದ ಬರೋ ದೋಣಿಗಳನ್ನ ನೋಡ್ತಿದ್ಲಂತೆ. ಪ್ರೀತಿ ಅಂತ ಅಂದ್ಕೊಂಡಿದ್ವಿ." ಅವಳು ಟ್ಯಾಮನ ಕೆನ್ನೆಗೆ ಮುತ್ತಿಟ್ಟಳು. "ಮನೆಗೆ ಬಂದ್ಯಲ್ಲಪ್ಪ, ಕೊನೆಗೂ." ಎಂದವಳೇ, ಬ್ರೆಡ್ಡಿನ ಹಿಟ್ಟು ನಾದುವ ಎರಡೂ ಕೈಗಳಿಂದ ತಳ್ಳಿದಳು.

ಇಷ್ಟು ಸಂತೋಷದಿಂದ ಪೋರ್ಟ್‌ಲೌಡಿ ಯಾರನ್ನೂ ನೀರಿಗೆ ಹಾಕಿರಲಿಲ್ಲ. ಟ್ಯಾಮ್ ಮುಳುಗಿ, ಎದ್ದು, ಕಟ್ಟೆಯ ಕಬ್ಬಿಣದ ಏಣಿ ತಬ್ಬಿಕೊಂಡು ಗಡಗಡ ನಡುಗಿದ. ಮೇಲಿಂದ ಇಪ್ಪತ್ತು ಕೈಗಳು ಕಂಬಳಿ, ಸೂಪು, ವಿಸ್ಕಿ ಹಿಡಿದು ಚಾಚಿಕೊಂಡವು.

"ಮಿಸ್," ಎಂದ ಅವನು, "ಮೂವತ್ತೊಂದು ಸಲ ಆಗಲೇ ಬಿದ್ದಿದ್ದೀನಲ್ಲ… ಅದನ್ನ ಇದಕ್ಕೆ ವಜಾ ಮಾಡ್ಕೊಳ್ಳೋಕೆ ಆಗಲ್ವಾ?"

ಮಿಸ್ ಟಾಶ್ ಕನ್ನಡಕ ಏರಿಸಿ ಹಾಳೆಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ಓದಿದಳು.

"ಇಲ್ಲಪ್ಪ ಟಾಮಸ್. ಅವೆಲ್ಲ ಬದಲಿ. ಅಸಲಿ ಇವತ್ತಿಂದ ಶುರು."