ಸೊನ್ನೆ ರಿಪೋರ್ಟಿನ ಗಂಡಂದಿರು

ನಂಜನಗೂಡಿನಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡೋ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಕೌನ್ಸೆಲರ್. ಅಂದರೆ ಡಾಕ್ಟರು ಎರಡು ಮಾತಲ್ಲಿ ಹೇಳಿ ಎದ್ದು ಹೋದದ್ದನ್ನ ಅರ್ಧ ಗಂಟೆ ಕೂತು ಬಿಡಿಸಿ ಹೇಳೋಳು. ನಗೋದು ನನ್ನ ಕೆಲಸದಲ್ಲಿ ಸೇರಿಲ್ಲ. ಆದರೂ ಬಾಗಿಲು ಹಾಕ್ಕೊಂಡು ನಗೋ ಹಾಗೆ ವಾರಕ್ಕೊಂದಾದರೂ ಆಗೇ ಆಗತ್ತೆ.

೧. ಸೂತಕ

ತಿ. ನರಸೀಪುರದ ಕಡೆಯ ಅರ್ಚಕರೊಬ್ಬರ ವೀರ್ಯಾಣುಗಳನ್ನ ಆಪರೇಷನ್ ಮಾಡಿ ತೆಗೆದು, ಲ್ಯಾಬಿನ ನೈಟ್ರೋಜನ್ ಕ್ಯಾನಿನಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ವಿ. ಒಂದು ಬೆಳಿಗ್ಗೆ ಅವರ ಫೋನು.

"ಮೇಡಮ್, ನಮ್ಮ ದೊಡ್ಡಪ್ಪ ಹೋಗ್ಬಿಟ್ರು. ಹತ್ತು ದಿನ ಸೂತಕ. ಅಲ್ಲಿರೋದಕ್ಕೂ ತಗಲತ್ತಾ?"

"ಅಷ್ಟು ಚಳಿಯಲ್ಲಿ ಯಾವುದೂ ತಗಲಲ್ಲ ಸ್ವಾಮಿ" ಅಂದೆ.

ಅವರಿಗೆ ಸಮಾಧಾನ ಆಗಲಿಲ್ಲ. ಹನ್ನೊಂದನೇ ದಿನ ಪುಣ್ಯಾಹದ ನೀರು, ಮಾವಿನೆಲೆ ಹಿಡ್ಕೊಂಡು ಬಂದರು. ಒಳಗೆ ಬಿಡಲ್ಲ ಅಂದಿದ್ದಕ್ಕೆ ಲ್ಯಾಬಿನ ಬಾಗಿಲಿಗೇ ಪ್ರೋಕ್ಷಣೆ ಮಾಡಿ ಹೋದರು. ನಮ್ಮ ಟೆಕ್ನೀಷಿಯನ್ ಹೇಳಿದ, "ಆ ಕ್ಯಾನಿನಲ್ಲಿ ಮೂವತ್ತು ಜನರದ್ದಿದೆ ಮೇಡಮ್. ಎಲ್ಲ ಜಾತಿಯವರಿಗೂ ಒಂದೇ ನೀರಲ್ಲಿ ಶುದ್ಧಿ ಆಯ್ತು."

೨. ಪಾಯಿಂಟು

ಹೆಮ್ಮರಗಾಲದ ಕಡೆಯ ರೈತ. ಮದುವೆಯಾಗಿ ಆರು ವರ್ಷ. ರಿಪೋರ್ಟಿನಲ್ಲಿ ವೀರ್ಯಾಣು ಸೊನ್ನೆ. ವೃಷಣ ತೆರೆದು ಒಳಗೆಲ್ಲಾದರೂ ಇದೆಯಾ ಅಂತ ಹುಡುಕಬೇಕು ಅಂದರು ಡಾಕ್ಟರು. ಅವನು ಗಂಭೀರವಾಗಿ ಡಾಕ್ಟರನ್ನೇ ಕೇಳಿದ, "ಪಾಯಿಂಟ್ ಯಾರ್ ಇಡ್ತಾರೆ ಸಾ? ನಮ್ ಬೋರಿಗೆ ತೆಂಗಿನ್ಕಾಯಿ ಇಟ್ಕಂಡು ನೋಡೋರು ಬಂದಿದ್ರು. ಕರ್ಕ ಬರ್ಲಾ?"

"ಬೇಡಪ್ಪ, ಮೈಕ್ರೋಸ್ಕೋಪಿದೆ."

"ಎಷ್ಟಡಿಗೆ ಓಯ್ತೀರಿ?"

"ಅಡಿಯಲ್ಲಪ್ಪ, ಮಿಲಿಮೀಟರು."

"ಅಷ್ಟಕ್ಕೆಲ್ಲಾ ಬರಕಿಲ್ಲ ಸಾ" ಅಂದ.

ಬಂತು. ಬೆರಳೆಣಿಕೆಯಷ್ಟು ಸಿಕ್ಕಿದವು.

೩. ಮಾದರಿ ಗಂಡಸು

ಇದೇ ರೈತ ಊರಲ್ಲಿ ಹರ್ನಿಯಾ ಆಪರೇಷನ್ ಅಂತ ಹೇಳಿದ್ದ. ಸೊನ್ನೆಯ ವಿಷಯ ಹೆಂಡತಿಗೆ ಮಾತ್ರ ಗೊತ್ತು. ಯಾರಿಗೂ ಹೇಳಬೇಡ ಅಂತ ಅವಳ ಬಾಯಿ ಕಟ್ಟಿದ್ದ. ಹಾಗಾಗಿ ಬಂಜೆ ಅನ್ನೋ ಮಾತನ್ನ ಅತ್ತೆಯಿಂದ ದಿನಾ ಕೇಳ್ತಿದ್ದವಳು ಅವಳೇ.

ಅವನು ಕಾಲು ಅಗಲಿಸಿಕೊಂಡು ನಡೆಯೋದನ್ನ ಊರಿನ ಆಶಾ ಕಾರ್ಯಕರ್ತೆ ನೋಡಿದಳು. ಮಕ್ಕಳು ಸಾಕು ಅನ್ನೋ ಆಪರೇಷನ್‌ಗೆ ಗಂಡಸರು ಯಾರೂ ಒಪ್ಪದೆ ಅವಳ ಲಿಸ್ಟು ಖಾಲಿ ಇತ್ತು. ಪೆನ್ನು ಹಿಡ್ಕೊಂಡು ಸೀದಾ ಮನೆಗೇ ಹೋಗಿ, "ನಿಮ್ಮಗ ತಾಲ್ಲೂಕಿಗೇ ಮಾದರಿ ಕಣವ್ವ" ಅಂದಳಂತೆ.

ಮಾರನೇ ದಿನ ಅವನ ತಾಯಿ, ಮಗ ಸೊಸೆ ಇಬ್ಬರನ್ನೂ ಎಳ್ಕೊಂಡು ನನ್ನ ರೂಮಿಗೆ ಬಂದರು.

"ಮನೇಲಿ ಒಂದ್ ಕೂಸೂ ಉಟ್ಟಿಲ್ಲ, ಅಷ್ಟ್ರೊಳ್ಗೇ ಆಪ್ರೇಸನ್ ಮಾಡ್ಬುಟ್ರಲ್ಲ? ಇವ್ಳೇ ಯೋಳ್ಕೊಟ್ಟಿರ್ಬೇಕು. ಕುಯ್ದಿರೋದ ತಿರ್ಗಾ ಒಲ್ದು ಕೊಡಿ."

ಪೇಷಂಟಿನ ವಿಷಯ ನಾನು ಬಾಯಿ ಬಿಡೋ ಹಾಗಿಲ್ಲ. ಸುಮ್ಮನೆ ಫೈಲು ತಿರುವಿದೆ. ಸೊಸೆ ನೆಲ ನೋಡ್ತಾ ನಿಂತಿದ್ದಳು. ಪಾಪ ಅನ್ನಿಸಿತು. ಕೊನೆಗೆ ಮಗನೇ ಹೇಳಿದ.

"ಅವ್ವಾ, ಅವಳ್ನ ಬುಡು. ಕೊರತೆ ನನ್ದು. ನನ್ನಲ್ಲಿ ಒಂದೂ ಇರ್ನಿಲ್ಲ, ಒಳ್ಗಿಂದ ಉಡುಕಿ ತಗ್ದವ್ರೆ. ಕೂಸಾಗ್ಲಿ ಅಂತ್ಲೇ ಆ ಆಪ್ರೇಸನ್ನು. ಇವ್ಳಿಗೆ ಎಲ್ಲಾ ಗೊತ್ತಿತ್ತು. ಯೋಳ್ಬ್ಯಾಡ ಅಂದೋನು ನಾನೇ."

ಆಯಮ್ಮ ಕುರ್ಚಿ ಹುಡುಕಿ ಕೂತರು. ಸೆರಗಲ್ಲಿ ಮುಖ ಒರೆಸ್ಕೊಂಡು ಸೊಸೆ ಕಡೆ ತಿರುಗಿದರು.

"ಇಷ್ಟು ದಿನ ನಾನು ಬಯ್ತಾನೇ ಇದ್ನಲ್ಲವ್ವ. ಎಲ್ಲಾ ಗೊತ್ತಿದ್ದೂ ಯಾಕ್ ಸುಮ್ಕಿದ್ದೆ?"

ಅವಳು ಮೊದಲ ಸಲ ತಲೆ ಎತ್ತಿದಳು.

"ಮನೇಲಿ ಒಬ್ರಾದ್ರೂ ಸುಮ್ಕಿರ್ಬೇಕಲ್ಲ ಅತ್ತೆ" ಅಂದಳು.